72 ಮತಗಳ ಅಂತರದಲ್ಲಿ ಸತ್ತ ರಾಬಿನ್: ‘ರೆಡ್ ಹುಡ್’ ಚಿತ್ರದ ಹಿಂದಿನ ಕಥೆ

2010ರ ಜುಲೈನಲ್ಲಿ ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ಡಿಸ್ಕ್‌ನಲ್ಲಿ ಬಿಡುಗಡೆಯಾದ ‘ಬ್ಯಾಟ್‌ಮ್ಯಾನ್: ಅಂಡರ್ ದ ರೆಡ್ ಹುಡ್’ ಒಂದೂಕಾಲು ಗಂಟೆಯ ಅನಿಮೇಷನ್ ಚಿತ್ರ. ಕಾರ್ಟೂನ್ ತಾನೇ ಎಂದು ಮಕ್ಕಳ ಮುಂದೆ ಹಾಕಿದವರು ಶುರುವಿನಲ್ಲೇ ರಿಮೋಟ್ ಹುಡುಕಬೇಕಾಗುತ್ತದೆ. ಬೋಸ್ನಿಯಾದ ಗೋದಾಮೊಂದರಲ್ಲಿ ಬ್ಯಾಟ್‌ಮ್ಯಾನ್‌ನ ಕಡುವೈರಿ ಜೋಕರ್ ಹದಿಹರೆಯದ ಹುಡುಗನೊಬ್ಬನನ್ನು ಕಬ್ಬಿಣದ ಸಲಾಕೆಯಿಂದ ಬಡಿಯುತ್ತಾನೆ, ಬಾಂಬ್ ಇಟ್ಟು ಬಾಗಿಲು ಹಾಕಿಕೊಂಡು ಹೋಗುತ್ತಾನೆ. ಬ್ಯಾಟ್‌ಮ್ಯಾನ್ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆ ಹುಡುಗ ಬ್ಯಾಟ್‌ಮ್ಯಾನ್‌ನ ಕಿರಿಯ ಜೊತೆಗಾರ, ಎರಡನೇ ರಾಬಿನ್, ಜೇಸನ್ ಟಾಡ್. ಅವನು ಸಾಯಬೇಕೆಂದು ತೀರ್ಮಾನವಾಗಿದ್ದು ಅದಕ್ಕೂ 22 ವರ್ಷ ಮೊದಲು, ಕಾಮಿಕ್ಸ್ ಓದುಗರ ಫೋನ್ ಕರೆಗಳಿಂದ.

ಮೊದಲ ರಾಬಿನ್ ಡಿಕ್ ಗ್ರೇಸನ್ ಬೆಳೆದು ದೊಡ್ಡವನಾದ, ಅವನ ಜಾಗಕ್ಕೆ ಇನ್ನೊಬ್ಬ ಬೇಕಾದ. 1983ರಲ್ಲಿ ಗೆರಿ ಕಾನ್ವೆ ಮತ್ತು ಡಾನ್ ನ್ಯೂಟನ್ ಸೃಷ್ಟಿಸಿದ ಜೇಸನ್ ಹೆಚ್ಚುಕಡಿಮೆ ಡಿಕ್‌ನ ನಕಲೇ: ಅದೇ ಸರ್ಕಸ್, ಅದೇ ರೀತಿ ಸತ್ತ ತಂದೆ ತಾಯಿ. ಈ ಕಾಮಿಕ್ಸ್ ಪ್ರಕಟಿಸುವ ಡಿಸಿ ಕಂಪನಿ ತನ್ನ ಕಥಾಲೋಕವನ್ನೆಲ್ಲ ಹೊಸದಾಗಿ ಕಟ್ಟಿದ ಮೇಲೆ, 1987ರಲ್ಲಿ, ಮ್ಯಾಕ್ಸ್ ಅಲನ್ ಕಾಲಿನ್ಸ್ ಇವನ ಜಾತಕವನ್ನೇ ಬದಲಿಸಿದರು. ಹೊಸ ಜೇಸನ್ ಬ್ಯಾಟ್‌ಮ್ಯಾನ್‌ನ ಕಾರು ಬ್ಯಾಟ್‌ಮೊಬೈಲ್‌ನ ಚಕ್ರ ಬಿಚ್ಚಿ ಕದಿಯುವಾಗ ಸಿಕ್ಕಿಬಿದ್ದ ಬೀದಿ ಹುಡುಗ. ಮುಂದೆ ಬರೆದ ಜಿಮ್ ಸ್ಟಾರ್ಲಿನ್‌ಗೆ ರಾಬಿನ್ ಎಂಬ ಕಲ್ಪನೆಯೇ ಹಿಡಿಸುತ್ತಿರಲಿಲ್ಲ. ಅವರ ಕೈಯಲ್ಲಿ ಜೇಸನ್ ಇನ್ನಷ್ಟು ಮುಂಗೋಪಿಯಾದ. ಒಂದು ಸಂಚಿಕೆಯಲ್ಲಿ ಅತ್ಯಾಚಾರಿಯೊಬ್ಬ ಬಾಲ್ಕನಿಯಿಂದ ಬಿದ್ದು ಸಾಯುತ್ತಾನೆ. ಜೇಸನ್ ತಳ್ಳಿದನೋ, ಅವನೇ ಬಿದ್ದನೋ ಎಂಬುದನ್ನು ಬೇಕೆಂದೇ ತೋರಿಸಲಿಲ್ಲ. ಓದುಗರಲ್ಲಿ ಹಲವರಿಗೆ ಹುಡುಗನ ಮೇಲೆ ಮೊದಲೇ ಸಿಟ್ಟಿತ್ತು. ಅದು ಇನ್ನೂ ಹೆಚ್ಚಿತು.

ಸಂಪಾದಕ ಡೆನ್ನಿಸ್ ಓನೀಲ್ ನಿರ್ಧಾರವನ್ನು ಓದುಗರಿಗೇ ಬಿಟ್ಟರು. ‘ಬ್ಯಾಟ್‌ಮ್ಯಾನ್’ ಕಾಮಿಕ್ಸ್‌ನ 427ನೇ ಸಂಚಿಕೆ, ಜೇಸನ್ ಇದ್ದ ಜಾಗದ ಸ್ಫೋಟದೊಂದಿಗೆ ಮುಗಿಯಿತು. ಕೊನೆಯಲ್ಲಿ ಎರಡು ಫೋನ್ ನಂಬರ್, ಒಂದು ಬದುಕಲಿ ಎನ್ನುವವರಿಗೆ, ಇನ್ನೊಂದು ಸಾಯಲಿ ಎನ್ನುವವರಿಗೆ. 1988ರ ಸೆಪ್ಟೆಂಬರ್‌ನಲ್ಲಿ ಸುಮಾರು 36 ಗಂಟೆ ಲೈನುಗಳು ತೆರೆದಿದ್ದವು. ಒಂದು ಕರೆಗೆ 50 ಸೆಂಟ್. ಬಂದ ಮತ 10,614. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271.

ನಮ್ಮ ರಿಯಾಲಿಟಿ ಶೋಗಳ ಎಸ್ಸೆಮ್ಮೆಸ್ ವೋಟಿಂಗ್ ನೋಡಿದವರಿಗೆ ಇದರ ದೋಷ ತಕ್ಷಣ ಹೊಳೆಯುತ್ತದೆ. ಇಲ್ಲಿ ಎಣಿಕೆಯಾದದ್ದು ಕರೆ, ಜನರಲ್ಲ. ಜೇಬಿನಲ್ಲಿ ದುಡ್ಡಿದ್ದವನು ಎಷ್ಟು ಸಲ ಬೇಕಾದರೂ ಒತ್ತಬಹುದಿತ್ತು. ಯಾರೋ ಒಬ್ಬ ತನ್ನ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದು, 90 ಸೆಕೆಂಡಿಗೊಮ್ಮೆ ‘ಸಾಯಲಿ’ ನಂಬರಿಗೆ ಎಂಟು ಗಂಟೆ ಡಯಲ್ ಮಾಡಿಸಿದನಂತೆ ಎಂಬ ಮಾತು ತಮ್ಮ ಕಿವಿಗೂ ಬಿದ್ದಿತ್ತು ಎಂದು ಓನೀಲ್ ಆಮೇಲೆ ಹೇಳಿದ್ದರು. ಅದು ವದಂತಿಯೇ ಇರಬಹುದು, ಆದರೆ ಲೆಕ್ಕ ಕೂಡುತ್ತದೆ: ಎಂಟು ಗಂಟೆಗೆ 320 ಕರೆ, ಖರ್ಚು 160 ಡಾಲರ್. ಗೆಲುವಿನ ಅಂತರ ಬರೀ 72.

ಕಲಾವಿದ ಜಿಮ್ ಅಪಾರೊ ಎರಡೂ ಫಲಿತಾಂಶಕ್ಕೆ ಪುಟಗಳನ್ನು ಬರೆದಿಟ್ಟಿದ್ದರು. ಬ್ಯಾಟ್‌ಮ್ಯಾನ್ ಹುಡುಗನನ್ನು ಎತ್ತಿಕೊಂಡು ‘ಬದುಕಿದ್ದಾನೆ’ ಎನ್ನುವ ಪುಟ ಪೆಟ್ಟಿಗೆ ಸೇರಿತು. ಆ ಅಂತ್ಯವಿರುವ 428ನೇ ಸಂಚಿಕೆಯನ್ನು ಡಿಸಿ ಅಚ್ಚು ಹಾಕಿದ್ದು 2023ರಲ್ಲಿ. ನಿಜವಾಗಿ ಮಾರಾಟವಾದ ಕಥೆಯಾದರೋ ಇಂದು ಓದಿದರೆ ವಿಚಿತ್ರ: ಜೇಸನ್ ತನ್ನ ಹೆತ್ತ ತಾಯಿಯನ್ನು ಹುಡುಕುತ್ತಾ ಇಥಿಯೋಪಿಯಾ ಸೇರುತ್ತಾನೆ, ಅವನನ್ನು ಕೊಂದ ಜೋಕರ್ ವಿಶ್ವಸಂಸ್ಥೆಯಲ್ಲಿ ಇರಾನಿನ ರಾಯಭಾರಿಯಾಗಿ ಬಂದು ಕೂರುತ್ತಾನೆ!

ಕಾಮಿಕ್ಸ್‌ನಲ್ಲಿ ಸತ್ತವರು ಎದ್ದು ಬರುವುದು ಮಾಮೂಲಿ. ಜೇಸನ್ ಮಾತ್ರ ಹದಿನಾರು ಹದಿನೇಳು ವರ್ಷ ಸತ್ತೇ ಇದ್ದ. 2005ರಲ್ಲಿ ಜಡ್ ವಿನಿಕ್ ಬರವಣಿಗೆಯಲ್ಲಿ, ಡಗ್ ಮಾಂಕೆ ಚಿತ್ರಗಳೊಂದಿಗೆ ಅವನು ಮರಳಿದ, ಅದೂ 1951ರಲ್ಲಿ ಜೋಕರ್‌ನ ಹಳೆಯ ವೇಷವೆಂದು ಕಾಮಿಕ್ಸ್‌ಗೆ ಬಂದಿದ್ದ ‘ರೆಡ್ ಹುಡ್’ ಹೆಸರನ್ನೇ ಹೊತ್ತು. ಕಥೆಯ ಬಿಗಿ ಚೆನ್ನಾಗಿತ್ತು. ಬದುಕಿ ಬಂದದ್ದು ಹೇಗೆ ಎಂಬಲ್ಲಿ ಎಡವಿತು. ಬೇರೊಂದು ಮಹಾಕಥೆಯಲ್ಲಿ ಸೂಪರ್‌ಬಾಯ್ ಪ್ರೈಮ್ ಎಂಬವನು ಸಿಟ್ಟಿನಿಂದ ವಾಸ್ತವದ ಗೋಡೆಗೇ ಗುದ್ದುತ್ತಾನೆ. ಆ ಹೊಡೆತದ ಅಲೆಗೆ ಜೇಸನ್ ಶವಪೆಟ್ಟಿಗೆಯಲ್ಲಿ ಕಣ್ಣುಬಿಡುತ್ತಾನೆ. ಬ್ಯಾಟ್‌ಮ್ಯಾನ್ ಓದುಗನಿಗೆ ಆ ಇನ್ನೊಂದು ಕಥೆ ಗೊತ್ತಿಲ್ಲದಿದ್ದರೆ ಇದು ತಲೆಬುಡ ಇಲ್ಲದ ಸಂಗತಿ.

ಚಿತ್ರಕಥೆಯನ್ನೂ ವಿನಿಕ್ ಅವರೇ ಬರೆದರು. ನಿರ್ದೇಶಕ ಬ್ರ್ಯಾಂಡನ್ ವಿಯೆಟ್ಟಿ. 75 ನಿಮಿಷದಲ್ಲಿ ಬೇರೆ ಕಥೆಗಳ ಬಾಲ ಹಿಡಿಯಲು ಜಾಗವಿಲ್ಲ, ಹಾಗಾಗಿ ಗೋಡೆಗೆ ಗುದ್ದುವವನೂ ಹೋದ, ತಾಯಿಯೂ ರಾಯಭಾರಿ ಪಟ್ಟವೂ ಹೋದವು. ಅವುಗಳ ಬದಲು ಬಂದದ್ದು ಬ್ಯಾಟ್‌ಮ್ಯಾನ್‌ನ ಇನ್ನೊಬ್ಬ ವೈರಿ ರಾಸ್ ಅಲ್ ಗೂಲ್‌ನ ಒಂದು ತಪ್ಪು. ಯುರೋಪಿನ ಹಣಕಾಸು ಕೇಂದ್ರಗಳನ್ನು ಉರುಳಿಸುವ ತನ್ನ ಸಂಚಿನಿಂದ ಬ್ಯಾಟ್‌ಮ್ಯಾನ್‌ನ ಗಮನ ಬೇರೆಡೆ ಸೆಳೆಯಲು ಅವನು ಜೋಕರ್‌ಗೆ ಸುಪಾರಿ ಕೊಡುತ್ತಾನೆ. ಜೋಕರ್ ಹದ್ದು ಮೀರಿ ಹುಡುಗನನ್ನೇ ಕೊಲ್ಲುತ್ತಾನೆ. ಪಾಪಪ್ರಜ್ಞೆ ಕಾಡಿದ ರಾಸ್ ಹೆಣ ಬದಲಿಸಿ, ಸತ್ತವರನ್ನು ಎಬ್ಬಿಸುವ ತನ್ನ ಲಾಜರಸ್ ಕುಂಡದಲ್ಲಿ ಮುಳುಗಿಸುತ್ತಾನೆ. ಹುಡುಗ ಎದ್ದ, ಆದರೆ ಬುದ್ಧಿ ಕೆಟ್ಟಿತ್ತು. ಇದರಲ್ಲೂ ಮಾಯೆ ಇದೆ, ನಿಜ, ಆದರೆ ಒಬ್ಬನ ಕರ್ಮ ಇನ್ನೊಬ್ಬನ ತಲೆಗೆ ಕಟ್ಟಿಕೊಳ್ಳುವುದು ಈ ಕಥೆಯೊಳಗೇ ನಡೆಯುತ್ತದೆ. ಮೂಲ ಕಾಮಿಕ್ಸ್‌ಗಿಂತ ಚಿತ್ರ ಗಟ್ಟಿಯಾಗಿರುವುದು ಇದರಿಂದಲೇ.

ಕೊನೆಯ ಕೋಣೆಯ ದೃಶ್ಯವನ್ನು ಎರಡರಲ್ಲೂ ಹೋಲಿಸಿ ನೋಡಬೇಕು. ಜೋಕರ್‌ನ ತಲೆಗೆ ಪಿಸ್ತೂಲು ಹಿಡಿದ ಜೇಸನ್, ಬ್ಯಾಟ್‌ಮ್ಯಾನ್ ಕಡೆ ಇನ್ನೊಂದನ್ನು ಎಸೆಯುತ್ತಾನೆ: ಇವನನ್ನು ನಾನು ಕೊಲ್ಲುತ್ತೇನೆ, ತಡೆಯಬೇಕಾದರೆ ನನ್ನನ್ನು ಕೊಲ್ಲು. ಪೆಂಗ್ವಿನ್, ಸ್ಕೇರ್‌ಕ್ರೋನಂಥ ಬೇರೆ ಖಳರು ಯಾರೂ ಬೇಡ, ಇವನೊಬ್ಬ ಸಾಕು, ನನ್ನನ್ನು ನಿನ್ನಿಂದ ಕಿತ್ತುಕೊಂಡವನು ಎಂಬುದು ಅವನ ವಾದ. ಕೊಲ್ಲುವುದು ಸುಲಭ, ಆ ಹಾದಿಗಿಳಿದರೆ ಮರಳಲಾರೆ ಎಂಬುದು ಬ್ಯಾಟ್‌ಮ್ಯಾನ್‌ನ ಉತ್ತರ. ಕಾಮಿಕ್ಸ್‌ನಲ್ಲಿ ಬ್ಯಾಟ್‌ಮ್ಯಾನ್ ಎಸೆದ ಬ್ಯಾಟರಾಂಗ್ (ಬಾವಲಿ ಆಕಾರದ ಎಸೆಯುವ ಆಯುಧ) ಜೇಸನ್‌ನ ಕುತ್ತಿಗೆಯನ್ನೇ ಸೀಳುತ್ತದೆ. ಚಿತ್ರದಲ್ಲಿ ಅದು ಪಿಸ್ತೂಲಿನ ನಳಿಗೆಗೆ ಹೊಕ್ಕು, ಗುಂಡು ಹಾರಿಸಿದಾಗ ಪಿಸ್ತೂಲು ಕೈಯಲ್ಲೇ ಸಿಡಿಯುತ್ತದೆ. ಕೊಲ್ಲುವುದಿಲ್ಲ ಎಂದು ಆಗಷ್ಟೇ ಹೇಳಿದವನು ಮಗನಂಥವನ ಕತ್ತು ಕೊಯ್ಯುವ ಅಸಂಗತ ಹೀಗೆ ತಪ್ಪಿತು. ಜೆನ್ಸನ್ ಆಕಲ್ಸ್ ಜೇಸನ್‌ಗೆ ಕೊಟ್ಟ ಧ್ವನಿ ಇಲ್ಲಿ ಅರಚುವುದಿಲ್ಲ, ಒಡೆಯುತ್ತದೆ.

2020ರಲ್ಲಿ ವಿಯೆಟ್ಟಿ ಅದೇ ಸಾವಿಗೆ ಮರಳಿದರು. ‘ಬ್ಯಾಟ್‌ಮ್ಯಾನ್: ಡೆತ್ ಇನ್ ದ ಫ್ಯಾಮಿಲಿ’ ಎಂಬ ಕಿರುಚಿತ್ರದಲ್ಲಿ ಫೋನ್ ಬದಲು ರಿಮೋಟ್ ಬಂತು: ರಾಬಿನ್ ಸಾಯಲಿ, ಸಾವನ್ನು ವಂಚಿಸಲಿ, ಬ್ಯಾಟ್‌ಮ್ಯಾನ್ ಅವನನ್ನು ಉಳಿಸಲಿ ಎಂಬ ಮೂರರಲ್ಲಿ ಒಂದನ್ನು ನೋಡುಗರೇ ಒತ್ತಬೇಕು. ಕೊಳ್ಳುವವರು ಗಮನಿಸಬೇಕಾದದ್ದು, ಆಯ್ಕೆಯ ಸೌಲಭ್ಯ ಇರುವುದು ಬ್ಲೂರೇ ಡಿಸ್ಕ್‌ನಲ್ಲಿ. ಡಿಜಿಟಲ್‌ನಲ್ಲಿ ಸಿಗುವುದು ಒಂದೇ ದಾರಿಯಲ್ಲಿ ಸಾಗುವ ಆವೃತ್ತಿ. ಡಿಸ್ಕ್‌ನಲ್ಲೂ ‘ಸಾಯಲಿ’ ಒತ್ತಬೇಡಿ. 2010ರ ಚಿತ್ರವನ್ನೇ ಅರ್ಧ ಗಂಟೆಗೆ ಕತ್ತರಿಸಿ, ಮೇಲೊಂದು ನಿರೂಪಣೆ ಸೇರಿಸಿ ತೋರಿಸುತ್ತಾರೆ. ಹೊಸ ಸರಕು ಇರುವುದು ಉಳಿದೆರಡು ಕವಲುಗಳಲ್ಲಿ.