ಎಣಿಕೆ ಸೊನ್ನೆಯಾದಾಗ ಕಾಣೆಯಾದ ಸಾಲು: ಸಬ್‌ಕ್ವೆರಿ ಆಪ್ಟಿಮೈಜೇಶನ್ ಮತ್ತು ಅದರ ಪರೀಕ್ಷೆಯ ಹಿನ್ನೆಲೆ

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ 4.1ನೇ ಆವೃತ್ತಿ 2004ರ ಅಕ್ಟೋಬರ್‌ನಲ್ಲಿ ಬಳಕೆಗೆ ಸಿದ್ಧವೆಂದು ಬಿಡುಗಡೆಯಾದಾಗ, ಬಳಕೆದಾರರು ಬಹಳ ದಿನಗಳಿಂದ ಕೇಳುತ್ತಿದ್ದ ಸಬ್‌ಕ್ವೆರಿ ಸೌಲಭ್ಯ, ಅಂದರೆ ಒಂದು ಕ್ವೆರಿಯ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯ) ಒಳಗೆ ಇನ್ನೊಂದು ಕ್ವೆರಿಯನ್ನು ಇಡುವ ಅನುಕೂಲ, ಕೊನೆಗೂ ಅವರ ಕೈಗೆ ಸಿಕ್ಕಿತು. ಆದರೆ ಸಿಕ್ಕ ಸೌಲಭ್ಯವನ್ನು ದೊಡ್ಡ ಟೇಬಲ್‌ಗಳ ಮೇಲೆ ಬಳಸಲು ಹೋದವರಿಗೆ ಬೇಗನೆ ನಿರಾಶೆಯಾಯಿತು. 'ಈ ವರ್ಷ ಆರ್ಡರ್ ಕೊಟ್ಟ ಗ್ರಾಹಕರು ಯಾರು' ಎಂಬಂಥ ಸರಳ ಪ್ರಶ್ನೆಯನ್ನು 'ಇನ್' (ಒಳಗಿನ ಕ್ವೆರಿಯ ಪಟ್ಟಿಯಲ್ಲಿ ಇದೆಯೇ ಎಂಬ ಷರತ್ತು) ಬಳಸಿ ಬರೆದರೆ, ಒಳಗಿನ ಕ್ವೆರಿಯನ್ನು ಒಂದೇ ಸಲ ನಡೆಸಿ ಅದರ ಉತ್ತರವನ್ನು ಇಟ್ಟುಕೊಳ್ಳುವ ಬದಲು, ಮೈಎಸ್‌ಕ್ಯೂಎಲ್ ಅದನ್ನು 'ಇಂಥ ಸಾಲು ಒಂದಾದರೂ ಇದೆಯೇ' ಎಂದು ಕೇಳುವ 'ಎಕ್ಸಿಸ್ಟ್ಸ್' ರೂಪಕ್ಕೆ ತಿರುಗಿಸಿ ಹೊರಗಿನ ಟೇಬಲ್‌ನ ಪ್ರತಿಯೊಂದು ಸಾಲಿಗೂ ಮತ್ತೆ ಮತ್ತೆ ನಡೆಸುತ್ತಿತ್ತು. ಗ್ರಾಹಕರು ಒಂದು ಲಕ್ಷವಿದ್ದರೆ ಒಳಗಿನ ಕ್ವೆರಿಯೂ ಒಂದು ಲಕ್ಷ ಸಲ ನಡೆಯಬೇಕು. ತಕ್ಕ ಇಂಡೆಕ್ಸ್, ಅಂದರೆ ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿ, ಇದ್ದರೆ ಹೇಗೋ ಸಾಗುತ್ತಿತ್ತು. ಇಲ್ಲದಿದ್ದರೆ ಪ್ರತಿ ಸಲವೂ ಒಳಗಿನ ಟೇಬಲ್ಲನ್ನು ಮೊದಲಿನಿಂದ ಓದಬೇಕಾಗುತ್ತಿತ್ತು. 'ಸಬ್‌ಕ್ವೆರಿ ಬರೆಯಬೇಡಿ, ಜಾಯಿನ್ ಬರೆಯಿರಿ' ಎಂಬ ಕಿವಿಮಾತು ಹುಟ್ಟಿಕೊಂಡದ್ದು ಹೀಗೆ. ಜಾಯಿನ್ ಎಂದರೆ ಎರಡು ಟೇಬಲ್‌ಗಳಲ್ಲಿ ಒಂದಕ್ಕೊಂದು ಹೊಂದುವ ಸಾಲುಗಳನ್ನು ಜೋಡಿಸುವುದು. ಈ ಕೊರತೆ ನೀಗಿದ್ದು 2012ರಲ್ಲಿ ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮಾರಿಯಾಡಿಬಿ ಡೇಟಾಬೇಸ್‌ನ 5.3 ಮತ್ತು 2013ರಲ್ಲಿ ಮೈಎಸ್‌ಕ್ಯೂಎಲ್ 5.6 ಬಂದ ಮೇಲೆ.

ಅಷ್ಟು ವರ್ಷ ಏಕೆ ಬೇಕಾಯಿತು ಎಂದು ಕೇಳುವವರು, ಸಬ್‌ಕ್ವೆರಿಯನ್ನು ಜಾಯಿನ್ ಆಗಿ ಮಾರ್ಪಡಿಸುವುದು ಕಾಗದದ ಮೇಲೆ ಎಷ್ಟು ಸುಲಭವಾಗಿ ಕಾಣುತ್ತದೆಯೋ ಅಷ್ಟೇ ಸುಲಭವಾಗಿ ದಾರಿ ತಪ್ಪುತ್ತದೆ ಎಂಬುದನ್ನು ಗಮನಿಸಬೇಕು. ಒಬ್ಬ ಗ್ರಾಹಕ ಮೂರು ಆರ್ಡರ್ ಕೊಟ್ಟಿದ್ದರೆ, 'ಇನ್' ಬಳಸಿದ ಕ್ವೆರಿ ಅವನನ್ನು ಒಮ್ಮೆ ಮಾತ್ರ ತೋರಿಸುತ್ತದೆ. ಸಾಮಾನ್ಯ ಜಾಯಿನ್ ಮೂರು ಸಲ ತೋರಿಸುತ್ತದೆ. ಎರಡರ ನಡುವಿನ ಈ ಅಂತರವನ್ನು ತುಂಬಲು 'ಸೆಮಿ-ಜಾಯಿನ್' ಎಂಬ ಬೇರೆಯದೇ ಕ್ರಿಯೆ ಬೇಕಾಗುತ್ತದೆ. ಸಬ್‌ಕ್ವೆರಿಯ ಪ್ರತಿಯೊಂದು ರೂಪಕ್ಕೂ ಇಂಥ ಒಂದೊಂದು ಮೂಲೆ ಇದೆ, ಮತ್ತು ಆ ಮೂಲೆಗಳಲ್ಲಿ ಆದ ತಪ್ಪು ಎರರ್ ಸಂದೇಶವಾಗಿ ಕಾಣಿಸಿಕೊಳ್ಳುವುದಿಲ್ಲ. ಉತ್ತರ ಬರುತ್ತದೆ, ಬೇಗ ಬರುತ್ತದೆ, ಆದರೆ ಅದರಲ್ಲಿ ಒಂದು ಸಾಲು ಕಡಿಮೆ ಇರುತ್ತದೆ. ನಿಧಾನವಾದ ಕ್ವೆರಿಗಿಂತ ಇದು ಹೆಚ್ಚು ಅಪಾಯಕಾರಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ, ಏಕೆಂದರೆ ನಿಧಾನವಾದದ್ದನ್ನು ಯಾರಾದರೂ ದೂರುತ್ತಾರೆ; ಕಾಣೆಯಾದ ಸಾಲಿನ ಬಗ್ಗೆ ದೂರುವವರೇ ಇರುವುದಿಲ್ಲ.

ಸಬ್‌ಕ್ವೆರಿ, ಕ್ವೆರಿಗಳನ್ನು ಬರೆಯುವ ಎಸ್‌ಕ್ಯೂಎಲ್ ಭಾಷೆಗೆ ಆಮೇಲೆ ಅಂಟಿಸಿದ ಅಂಗವಲ್ಲ. ಎಡ್ಗರ್ ಕಾಡ್ 1970ರಲ್ಲಿ ದತ್ತಾಂಶವನ್ನು ಟೇಬಲ್‌ಗಳಾಗಿ ಕಾಣುವ ರಿಲೇಶನಲ್ ಮಾದರಿಯನ್ನು ಮುಂದಿಟ್ಟ ಮೇಲೆ, ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ 'ಸೀಕ್ವೆಲ್' ಎಂಬ ಹೆಸರಿನಲ್ಲಿ ವಿವರಿಸಿದ ಭಾಷೆಯಲ್ಲಿ ಒಂದು ಕ್ವೆರಿಯ ಒಡಲಲ್ಲಿ ಇನ್ನೊಂದು ಕ್ವೆರಿಯನ್ನು ಇಡುವ ಕ್ರಮ ಮೊದಲಿನಿಂದಲೇ ಇತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಐಬಿಎಂ ಕಟ್ಟಿದ 'ಸಿಸ್ಟಂ ಆರ್' ಡೇಟಾಬೇಸ್‌ನ ಆಪ್ಟಿಮೈಜರ್ (ಕ್ವೆರಿಯನ್ನು ಯಾವ ದಾರಿಯಲ್ಲಿ ನಡೆಸಬೇಕೆಂದು ಆರಿಸುವ ಭಾಗ) ಕುರಿತು ಪೆಟ್ರೀಶಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಈ ಕ್ಷೇತ್ರದ ತಳಹದಿಯಾಗಿದೆ. ಅದರ ಕೊನೆಯ ಭಾಗದಲ್ಲಿ ಸಬ್‌ಕ್ವೆರಿಗಳ ವಿಚಾರ ಬರುತ್ತದೆ. ಹೊರಗಿನ ಸಾಲನ್ನು ಅವಲಂಬಿಸದ ಸಬ್‌ಕ್ವೆರಿಯನ್ನು ಒಮ್ಮೆ ನಡೆಸಿದರೆ ಸಾಕು. ಅವಲಂಬಿಸುವುದನ್ನು, ಅಂದರೆ ಕೋರಿಲೇಟೆಡ್ ಸಬ್‌ಕ್ವೆರಿಯನ್ನು, ಹೊರಗಿನ ಪ್ರತಿ ಸಾಲಿಗೂ ನಡೆಸಬೇಕು. ಹೊರಗಿನ ಮೌಲ್ಯ ಹಿಂದಿನ ಸಾಲಿನಲ್ಲಿದ್ದದ್ದೇ ಆಗಿದ್ದರೆ ಹಿಂದಿನ ಉತ್ತರವನ್ನೇ ಮತ್ತೆ ಬಳಸಬಹುದು. ಈ ವಿಧಾನದಲ್ಲಿ ತಪ್ಪು ನುಸುಳಲು ಹೆಚ್ಚಿನ ಎಡೆಯಿರಲಿಲ್ಲ, ಏಕೆಂದರೆ ಕ್ವೆರಿ ಹೇಳಿದ್ದನ್ನೇ ಯಂತ್ರ ಅಕ್ಷರಶಃ ಮಾಡುತ್ತಿತ್ತು.

ಈ ಹಂತವನ್ನು ದಾಟಿದ್ದು ವನ್ ಕಿಮ್. 1982ರಲ್ಲಿ ಪ್ರಕಟವಾದ ಅವರ ಪ್ರಬಂಧ ಒಳಸೇರಿದ ಕ್ವೆರಿಗಳನ್ನು ಬಗೆಗಳಾಗಿ ವಿಂಗಡಿಸಿ, ಪ್ರತಿಯೊಂದು ಬಗೆಯನ್ನೂ ಜಾಯಿನ್‌ಗೆ ತಿರುಗಿಸುವ ಸೂತ್ರಗಳನ್ನು ಕೊಟ್ಟಿತು. ಒಳಗಿನ ಕ್ವೆರಿಯಲ್ಲಿ ಸರಾಸರಿ, ಮೊತ್ತ, ಎಣಿಕೆ ಮುಂತಾದ ಒಟ್ಟುಗೂಡಿಸುವ ಲೆಕ್ಕವಿದ್ದು ಅದು ಹೊರಗಿನ ಸಾಲನ್ನೂ ಅವಲಂಬಿಸಿದ್ದರೆ, ಒಳಗಿನ ಟೇಬಲ್ಲನ್ನು ಮೊದಲೇ ಗುಂಪುಗಳಾಗಿ ಮಾಡಿ ಪ್ರತಿ ಗುಂಪಿನ ಲೆಕ್ಕವನ್ನು ತಾತ್ಕಾಲಿಕ ಟೇಬಲ್‌ನಲ್ಲಿಟ್ಟು, ಅದನ್ನು ಹೊರಗಿನ ಟೇಬಲ್‌ನೊಂದಿಗೆ ಜಾಯಿನ್ ಮಾಡಬೇಕು ಎಂಬುದು ಅವುಗಳಲ್ಲಿ ಒಂದು. ಸಾವಿರಾರು ಸಲ ಮಾಡುವ ಕೆಲಸ ಒಂದೇ ಸಲಕ್ಕೆ ಮುಗಿಯುವ ಈ ಸೂತ್ರ ನಿಜಕ್ಕೂ ಸೊಗಸಾಗಿತ್ತು, ಆದರೆ ಒಂದು ಸಂದರ್ಭದಲ್ಲಿ ಅದು ತಪ್ಪು ಉತ್ತರ ಕೊಡುತ್ತಿತ್ತು.

ಎರಡು ವರ್ಷಗಳ ಬಳಿಕ ವರ್ನರ್ ಕೀಸ್ಲಿಂಗ್ ಆ ದೋಷವನ್ನು ಎತ್ತಿ ತೋರಿಸಿದರು. ಅದಕ್ಕೆ 'ಕೌಂಟ್ ಬಗ್' ಎಂಬ ಹೆಸರು ನಿಂತುಬಿಟ್ಟಿದೆ. ಆ ಚರ್ಚೆಯ ಉದಾಹರಣೆ ಬೆರಳೆಣಿಕೆಯ ಸಾಲುಗಳದ್ದು. ಬಿಡಿಭಾಗಗಳ ಟೇಬಲ್‌ನಲ್ಲಿ ಮೂರು ಸಾಲು: 3ನೇ ಸಂಖ್ಯೆಯ ಭಾಗದ ದಾಸ್ತಾನು 6, 10ನೇ ಸಂಖ್ಯೆಯದು 1, 8ನೇ ಸಂಖ್ಯೆಯದು 0. ಪೂರೈಕೆಯ ಟೇಬಲ್‌ನಲ್ಲಿ ಐದು ಸಾಲು. 1980ಕ್ಕೆ ಮುಂಚೆ ಎಷ್ಟು ಸಲ ಪೂರೈಕೆಯಾಗಿದೆಯೋ ಅಷ್ಟೇ ದಾಸ್ತಾನು ಇರುವ ಭಾಗಗಳು ಯಾವುವು ಎಂಬುದು ಪ್ರಶ್ನೆ. 3ನೇ ಭಾಗ ಎರಡು ಸಲ ಪೂರೈಕೆಯಾಗಿದೆ, ದಾಸ್ತಾನು 6, ಹಾಗಾಗಿ ಅದು ಹೊಂದುವುದಿಲ್ಲ. 10ನೇ ಭಾಗ ಒಂದು ಸಲ ಪೂರೈಕೆಯಾಗಿದೆ, ದಾಸ್ತಾನು 1, ಹೊಂದುತ್ತದೆ. 8ನೇ ಭಾಗ 1980ಕ್ಕೆ ಮುಂಚೆ ಒಮ್ಮೆಯೂ ಬಂದಿಲ್ಲ. ಎಣಿಕೆ ಸೊನ್ನೆ, ದಾಸ್ತಾನೂ ಸೊನ್ನೆ, ಆದ್ದರಿಂದ ಅದೂ ಹೊಂದುತ್ತದೆ. ಸರಿಯಾದ ಉತ್ತರ 10 ಮತ್ತು 8. ಕಿಮ್ ಸೂತ್ರದ ಪ್ರಕಾರ ಮೊದಲೇ ಗುಂಪು ಮಾಡಿದರೆ, ಆ ಅವಧಿಯಲ್ಲಿ ಪೂರೈಕೆಯ ಒಂದು ಸಾಲೂ ಇಲ್ಲದ 8ನೇ ಭಾಗಕ್ಕೆ ಗುಂಪೇ ಹುಟ್ಟುವುದಿಲ್ಲ. ಗುಂಪಿಲ್ಲದಿದ್ದರೆ ಜಾಯಿನ್‌ನಲ್ಲಿ ಜೋಡಿ ಸಿಗುವುದಿಲ್ಲ, ಹೀಗಾಗಿ ಉತ್ತರದಲ್ಲಿ 10 ಮಾತ್ರ ಉಳಿಯುತ್ತದೆ.

ರಿಚರ್ಡ್ ಗ್ಯಾನ್‌ಸ್ಕಿ ಮತ್ತು ಹ್ಯಾರಿ ವಾಂಗ್ 1987ರಲ್ಲಿ ಕೊಟ್ಟ ಪರಿಹಾರ ಔಟರ್ ಜಾಯಿನ್: ಜೋಡಿ ಸಿಗದ ಹೊರಗಿನ ಸಾಲನ್ನೂ ಬಿಡದೆ ಇಟ್ಟುಕೊಂಡು, ಆಮೇಲೆ ಎಣಿಸುವುದು. ಎಣಿಸುವಾಗ ಸಾಲುಗಳನ್ನು ಎಣಿಸದೆ ಒಳಗಿನ ಟೇಬಲ್‌ನ ಕಾಲಂ ಒಂದನ್ನು ಎಣಿಸಬೇಕು, ಇಲ್ಲವಾದರೆ ಜೋಡಿಯಿಲ್ಲದ ಸಾಲಿಗೂ ಒಂದು ಎಂಬ ಲೆಕ್ಕ ಬಂದುಬಿಡುತ್ತದೆ. ಔಟರ್ ಜಾಯಿನ್ ಬರೆಯುವ ಕ್ರಮ ಎಸ್‌ಕ್ಯೂಎಲ್ ಮಾನಕದೊಳಗೆ ಸೇರಿದ್ದೇ 1992ರಲ್ಲಿ ಎಂಬುದನ್ನು ನೆನೆದರೆ, ಭಾಷೆಯಲ್ಲಿ ಹೇಳಲು ಬಾರದ ಕ್ರಿಯೆಯನ್ನು ಆಪ್ಟಿಮೈಜರ್ ಒಳಗೆ ಬಳಸುವ ಸ್ಥಿತಿ ಆಗ ಇತ್ತೆಂಬುದು ತಿಳಿಯುತ್ತದೆ.

ಇನ್ನೊಂದು ಮೂಲೆ 'ನಲ್', ಅಂದರೆ ಮೌಲ್ಯ ತಿಳಿದಿಲ್ಲ ಎಂಬ ಗುರುತು. ಗ್ರಂಥಾಲಯವೊಂದರಲ್ಲಿ ಒಂದೂ ಪುಸ್ತಕ ಒಯ್ಯದ ಸದಸ್ಯರ ಪಟ್ಟಿ ಬೇಕು ಎಂದುಕೊಳ್ಳಿ. ಎರವಲು ಟೇಬಲ್‌ನಲ್ಲಿ ಸದಸ್ಯರ ಸಂಖ್ಯೆ ಇಲ್ಲದವರು ಎಂದು 'ನಾಟ್ ಇನ್' ಬಳಸಿ ಕೇಳಿದರೆ, ಆ ಟೇಬಲ್‌ನ ಒಂದೇ ಒಂದು ಸಾಲಿನಲ್ಲಿ ಸದಸ್ಯರ ಸಂಖ್ಯೆ ನಲ್ ಆಗಿದ್ದರೂ ಪಟ್ಟಿ ಪೂರ್ತಿ ಖಾಲಿಯಾಗುತ್ತದೆ. ಆ ತಿಳಿಯದ ಸಂಖ್ಯೆ ಯಾರದ್ದಾದರೂ ಆಗಿರಬಹುದಲ್ಲ. ಇದು ಡೇಟಾಬೇಸ್‌ನ ತಪ್ಪಲ್ಲ, ಭಾಷೆಯ ನಿಯಮವೇ ಹಾಗಿದೆ. ಅದೇ ಪ್ರಶ್ನೆಯನ್ನು 'ನಾಟ್ ಎಕ್ಸಿಸ್ಟ್ಸ್' ಬಳಸಿ ಬರೆದರೆ ಪಟ್ಟಿ ಬರುತ್ತದೆ. ಹಾಗಾಗಿ ಮೊದಲನೆಯದನ್ನು ಎರಡನೆಯದೆಂದು ಭಾವಿಸಿ ಮಾರ್ಪಡಿಸುವ ಆಪ್ಟಿಮೈಜರ್ ಉತ್ತರವನ್ನೇ ಬದಲಿಸಿದಂತಾಗುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ 2009ರ 8.4ನೇ ಆವೃತ್ತಿಯಲ್ಲಿ 'ನಾಟ್ ಎಕ್ಸಿಸ್ಟ್ಸ್'ಅನ್ನು ಆಂಟಿ-ಜಾಯಿನ್ (ಜೋಡಿ ಸಿಗದ ಸಾಲುಗಳನ್ನು ಮಾತ್ರ ಉಳಿಸುವ ಜಾಯಿನ್) ಆಗಿ ತಿರುಗಿಸಲು ಕಲಿತಾಗಲೂ 'ನಾಟ್ ಇನ್'ಅನ್ನು ಮುಟ್ಟದೆ ಬಿಟ್ಟದ್ದು ಈ ಕಾರಣಕ್ಕಾಗಿ, ಮತ್ತು ಆ ಎಚ್ಚರಿಕೆ ಸರಿಯಾದದ್ದೇ.

ಇಂಥ ತಪ್ಪುಗಳನ್ನು ಬಳಕೆದಾರರಿಗಿಂತ ಮೊದಲು ಹಿಡಿಯುವುದು ಹೇಗೆ? ಕ್ವೆರಿಗಳನ್ನು ಕೈಯಿಂದ ಬರೆದು, ಸರಿಯಾದ ಉತ್ತರವನ್ನು ಫೈಲ್‌ನಲ್ಲಿಟ್ಟು, ಪ್ರತಿ ಬದಲಾವಣೆಯ ನಂತರ ಹೋಲಿಸುವ ರಿಗ್ರೆಶನ್ ಪರೀಕ್ಷೆ ಎಲ್ಲ ಡೇಟಾಬೇಸ್‌ಗಳಲ್ಲೂ ಇದೆ. ಆದರೆ ಬರೆಯುವವರ ಮನಸ್ಸಿಗೆ ಹೊಳೆದ ಸಂದರ್ಭಗಳು ಮಾತ್ರ ಅದರಲ್ಲಿರುತ್ತವೆ. ಮೈಕ್ರೋಸಾಫ್ಟ್ ರಿಸರ್ಚ್‌ನ ಡಾನ್ ಸ್ಲಟ್ಜ್ 1998ರಲ್ಲಿ ವಿವರಿಸಿದ 'ರ್‍ಯಾಗ್ಸ್' ಎಂಬ ಸಾಧನ ಬೇರೆ ದಾರಿ ಹಿಡಿಯಿತು. ಅದು ಎಸ್‌ಕ್ಯೂಎಲ್ ಹೇಳಿಕೆಗಳನ್ನು ಯಾದೃಚ್ಛಿಕವಾಗಿ ಹುಟ್ಟಿಸಿ, ಬೇರೆ ಬೇರೆ ಕಂಪನಿಗಳ ಡೇಟಾಬೇಸ್‌ಗಳಲ್ಲಿ ನಡೆಸಿ, ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುತ್ತಿತ್ತು. ಸರಿಯಾದ ಉತ್ತರ ಯಾವುದೆಂದು ಮೊದಲೇ ತಿಳಿದಿರಬೇಕೆಂಬ ಕಟ್ಟಳೆ ಇಲ್ಲಿ ಸಡಿಲವಾಯಿತು. 2000ದಲ್ಲಿ ಫ್ಲೋರಿಯನ್ ವಾಸ್ ಮತ್ತು ಸೀಸರ್ ಗಾಲಿಂಡೊ-ಲೆಗಾರಿಯಾ ಒಂದೇ ಡೇಟಾಬೇಸ್‌ನ ಒಳಗಡೆಯೇ ಈ ಹೋಲಿಕೆಯನ್ನು ತಂದರು. ಒಂದು ಕ್ವೆರಿಗೆ ಆಪ್ಟಿಮೈಜರ್ ಯೋಚಿಸಬಲ್ಲ ಎಲ್ಲ ಪ್ಲಾನ್‌ಗಳನ್ನೂ, ಅಂದರೆ ಅದನ್ನು ನಡೆಸುವ ದಾರಿಗಳನ್ನೂ, ಎಣಿಸಿ, ಅವುಗಳಿಂದ ಬೇಕಾದದ್ದನ್ನು ಆರಿಸಿ ನಡೆಸಬಹುದಾದರೆ, ಎಲ್ಲವೂ ಒಂದೇ ಉತ್ತರ ಕೊಡಬೇಕು. ಒಂದು ಬೇರೆಯಾದರೂ ಎಲ್ಲೋ ದೋಷವಿದೆ.

ಮೈಎಸ್‌ಕ್ಯೂಎಲ್ ಕಥೆಗೆ ಮರಳಿದರೆ, ಹೊಸ ಸಬ್‌ಕ್ವೆರಿ ತಂತ್ರಗಳು ಮೊದಲು ಸೇರಿದ್ದು 6.0 ಎಂಬ ಆವೃತ್ತಿಗೆ, ಅದು ಪೂರ್ಣಗೊಳ್ಳದೆ ನಿಂತುಹೋಯಿತು. ಆ ತಂತ್ರಗಳು ಅನೇಕ: ಒಳಗಿನ ಉತ್ತರವನ್ನು ತಾತ್ಕಾಲಿಕ ಟೇಬಲ್‌ನಲ್ಲಿಡುವ ಮೆಟೀರಿಯಲೈಜೇಶನ್, ಮೊದಲ ಜೋಡಿ ಸಿಕ್ಕೊಡನೆ ನಿಲ್ಲಿಸುವ ಫಸ್ಟ್‌ಮ್ಯಾಚ್, ಇಂಡೆಕ್ಸ್‌ನಲ್ಲಿ ಮರುಕಳಿಸುವ ಮೌಲ್ಯಗಳನ್ನು ದಾಟಿಹೋಗುವ ಲೂಸ್‌ಸ್ಕ್ಯಾನ್, ಜಾಯಿನ್ ಆದಮೇಲೆ ಮರುಕಳಿಸಿದ ಸಾಲುಗಳನ್ನು ಕಿತ್ತುಹಾಕುವ ಡುಪ್ಲಿಕೇಟ್ ವೀಡ್‌ಔಟ್. 'ಆಪ್ಟಿಮೈಜರ್ ಸ್ವಿಚ್' ಎಂಬ ಸೆಟ್ಟಿಂಗ್ ಮೂಲಕ ಇವುಗಳನ್ನು ಬಿಡಿಬಿಡಿಯಾಗಿ ಆನ್ ಅಥವಾ ಆಫ್ ಮಾಡಬಹುದು. ಬಳಕೆದಾರರ ದೃಷ್ಟಿಯಲ್ಲಿ ಅದು ಕಷ್ಟಕಾಲದ ಕೀಲಿಕೈ. ಪರೀಕ್ಷಕರ ದೃಷ್ಟಿಯಲ್ಲಿ ಅದೊಂದು ವರ. ಫಿಲಿಪ್ ಸ್ಟೋಯೆವ್ ರೂಪಿಸಿದ 'ರ್‍ಯಾಂಡಮ್ ಕ್ವೆರಿ ಜನರೇಟರ್' ವ್ಯಾಕರಣ ಫೈಲ್ ಒಂದನ್ನು ಓದಿ, ಅದರಂತೆ ಒಂದರೊಳಗೊಂದು ಹೊಕ್ಕ ಸಬ್‌ಕ್ವೆರಿಗಳನ್ನು ರಾಶಿರಾಶಿಯಾಗಿ ಹುಟ್ಟಿಸುತ್ತದೆ. ಒಂದೇ ಕ್ವೆರಿಯನ್ನು ತಂತ್ರ ಆನ್ ಇರುವಾಗ ಒಮ್ಮೆ, ಆಫ್ ಇರುವಾಗ ಒಮ್ಮೆ ನಡೆಸಿ ಉತ್ತರಗಳನ್ನು ಹೋಲಿಸಿದರೆ, ಹಳೆಯ ನಿಧಾನ ದಾರಿಯೇ ಹೊಸ ವೇಗದ ದಾರಿಗೆ ಸಾಕ್ಷಿಯಾಗುತ್ತದೆ. ಅದು ಬಳಸುವ ಟೇಬಲ್‌ಗಳು ಚಿಕ್ಕವು, ಒಂದೂ ಸಾಲಿಲ್ಲದವು, ಒಂದೇ ಸಾಲಿನವು, ನಲ್ ಬೆರೆತವು. ಕೌಂಟ್ ಬಗ್ ಅಡಗಿ ಕೂರುವುದು ಇಂಥ ಟೇಬಲ್‌ಗಳಲ್ಲೇ.

ಎಸ್‌ಕ್ಯೂಲೈಟ್ ತಂಡವೂ ತನ್ನ ಪರೀಕ್ಷೆಗಳನ್ನು ಆಪ್ಟಿಮೈಜೇಶನ್ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ನಡೆಸುತ್ತದೆ. ಆಫ್ ಮಾಡುವ ಸೌಲಭ್ಯವೇ ಇಲ್ಲದ ಡೇಟಾಬೇಸ್‌ನಲ್ಲಿ ಏನು ಮಾಡಬೇಕೆಂಬ ಪ್ರಶ್ನೆಗೆ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಮ್ಯಾನುಯೆಲ್ ರಿಗ್ಗರ್ ಮತ್ತು ಝೆಂಡಾಂಗ್ ಸು 2020ರಲ್ಲಿ ಉತ್ತರ ಕೊಟ್ಟರು. 'ನೊರೆಕ್' ಎಂಬ ಅವರ ವಿಧಾನದಲ್ಲಿ, ಕ್ವೆರಿಯಲ್ಲಿ ಸಾಲುಗಳನ್ನು ಸೋಸುವ 'ವೇರ್' ಭಾಗದಲ್ಲಿರುವ ಷರತ್ತನ್ನು ಎತ್ತಿ, ಏನು ತೋರಿಸಬೇಕೆಂದು ಹೇಳುವ 'ಸೆಲೆಕ್ಟ್' ಭಾಗಕ್ಕೆ ಸರಿಸಲಾಗುತ್ತದೆ. ಅಲ್ಲಿಗೆ ಹೋದ ಷರತ್ತನ್ನು ಡೇಟಾಬೇಸ್ ಪ್ರತಿ ಸಾಲಿಗೂ ಲೆಕ್ಕ ಹಾಕಲೇಬೇಕು, ಸಾಲುಗಳನ್ನು ಸೋಸುವ ಜಾಣ ದಾರಿಗಳಿಗೆ ಅಲ್ಲಿ ಅವಕಾಶವಿಲ್ಲ. ಷರತ್ತು ನಿಜವಾದ ಸಾಲುಗಳ ಎಣಿಕೆ ಎರಡೂ ರೂಪಗಳಲ್ಲಿ ಒಂದೇ ಆಗಿರಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್, ಮಾರಿಯಾಡಿಬಿ, ಎಸ್‌ಕ್ಯೂಲೈಟ್, ಕಾಕ್ರೋಚ್‌ಡಿಬಿ ಎಂಬ ನಾಲ್ಕು ಡೇಟಾಬೇಸ್‌ಗಳಲ್ಲಿ ಐದು ತಿಂಗಳ ಪರೀಕ್ಷೆಯಿಂದ 159 ಹೊಸ ದೋಷಗಳು ಸಿಕ್ಕವು, ಅವುಗಳಲ್ಲಿ 51 ಆಪ್ಟಿಮೈಜೇಶನ್‌ಗೆ ಸಂಬಂಧಿಸಿದವು. ಹಲವು ವರ್ಷಗಳಿಂದ ಬಳಕೆಯಲ್ಲಿದ್ದು ಪಳಗಿದ ಡೇಟಾಬೇಸ್‌ಗಳಲ್ಲೇ ಇಷ್ಟು ಸಿಕ್ಕಿದ್ದು ಗಂಭೀರವಾಗಿ ತೆಗೆದುಕೊಳ್ಳಬೇಕಾದ ಸಂಗತಿ.

ಉತ್ತರ ಸರಿಯಿದ್ದರೂ ಆರಿಸಿದ ಪ್ಲಾನ್ ಒಳ್ಳೆಯದೇ ಎಂಬುದು ಬೇರೆಯೇ ಪ್ರಶ್ನೆ. 'ಎಕ್ಸ್‌ಪ್ಲೇನ್' ಎಂಬ ಆದೇಶ ತೋರಿಸುವ ಪ್ಲಾನನ್ನು ಫೈಲ್‌ನಲ್ಲಿಟ್ಟು ಹೋಲಿಸುವುದು ರೂಢಿ. ಅದರಲ್ಲಿನ ವೆಚ್ಚದ ಅಂಕಿಗಳು ಯಂತ್ರದಿಂದ ಯಂತ್ರಕ್ಕೆ ಅಲ್ಲಾಡುವುದರಿಂದ, ಪೋಸ್ಟ್‌ಗ್ರೆಸ್‌ಕ್ಯೂಎಲ್ 9.0ರಲ್ಲಿ ಬಂದ ಅಂಕಿಗಳನ್ನು ಮರೆಮಾಡುವ ಸೌಲಭ್ಯ ಇಂಥ ಪರೀಕ್ಷೆಗಳಿಗೆ ಅನುಕೂಲ ಮಾಡಿಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯಂತ್ ಹರಿತ್ಸ ಅವರ ತಂಡ ರೂಪಿಸಿದ 'ಪಿಕಾಸೊ' ಎಂಬ ಸಾಧನ ಇನ್ನೂ ಮುಂದೆ ಹೋಯಿತು. ಒಂದೇ ಕ್ವೆರಿಯಲ್ಲಿ ಆಯ್ಕೆಯಾಗುವ ಸಾಲುಗಳ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತ, ಆಪ್ಟಿಮೈಜರ್ ಎಲ್ಲೆಲ್ಲಿ ಪ್ಲಾನ್ ಬದಲಿಸುತ್ತದೆ ಎಂಬುದನ್ನು ಬಣ್ಣಬಣ್ಣದ ಚಿತ್ರವಾಗಿ ಅದು ತೋರಿಸಿತು. 2005ರಲ್ಲಿ ಆ ಚಿತ್ರಗಳು ಪ್ರಕಟವಾದಾಗ, ವಾಣಿಜ್ಯ ಡೇಟಾಬೇಸ್‌ಗಳು ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಪ್ಲಾನ್‌ಗಳ ನಡುವೆ ಹೊಯ್ದಾಡುವುದು ಕಣ್ಣಿಗೆ ಕಾಣಿಸಿತು.

ಈ ಕೆಲಸಕ್ಕೂ, ವೇಗದ ಪೈಪೋಟಿಗೂ ಸಾಮಾನ್ಯವಾಗಿ ಬಳಸುವುದು ಟಿಪಿಸಿ-ಎಚ್ ಎಂಬ 22 ಕ್ವೆರಿಗಳ ಅಳತೆಗೋಲನ್ನು. ಅದರಲ್ಲಿ ಸಬ್‌ಕ್ವೆರಿಗಳಿಗೆ ಕೊರತೆಯಿಲ್ಲ, ಆದರೆ ಅವುಗಳನ್ನು ಉತ್ತರದ ಪರೀಕ್ಷೆಯೆಂದು ನೆಚ್ಚಿಕೊಳ್ಳುವುದು ತಪ್ಪು. 17ನೇ ಕ್ವೆರಿಯ ಕೋರಿಲೇಟೆಡ್ ಸಬ್‌ಕ್ವೆರಿ ಸರಾಸರಿಯನ್ನು ಕೇಳುತ್ತದೆ, 2ನೆಯದು ಕನಿಷ್ಠ ಬೆಲೆಯನ್ನು, 20ನೆಯದು ಮೊತ್ತವನ್ನು. ಖಾಲಿ ಗುಂಪಿನ ಸರಾಸರಿ, ಕನಿಷ್ಠ, ಮೊತ್ತ ಮೂರೂ ನಲ್. ನಲ್‌ನೊಂದಿಗೆ ಮಾಡಿದ ಹೋಲಿಕೆ ಎಂದೂ ನಿಜವಾಗುವುದಿಲ್ಲ. ಆದ್ದರಿಂದ ಆ ಸಾಲು ಹೇಗೂ ಉದುರುತ್ತದೆ, ಕಿಮ್ ಅವರ ಹಳೆಯ ಸೂತ್ರವೂ ಅಲ್ಲಿ ಸರಿಯಾದ ಉತ್ತರವನ್ನೇ ಕೊಡುತ್ತದೆ. ಎಣಿಕೆಯೊಂದೇ ಖಾಲಿ ಗುಂಪಿಗೆ ಸೊನ್ನೆ ಎನ್ನುತ್ತದೆ. 16ನೇ ಕ್ವೆರಿಯಲ್ಲಿ 'ನಾಟ್ ಇನ್' ಇದೆಯಾದರೂ ಟಿಪಿಸಿ-ಎಚ್ ಹುಟ್ಟಿಸುವ ದತ್ತಾಂಶದಲ್ಲಿ ನಲ್ ಬರುವುದೇ ಇಲ್ಲ. 22 ಕ್ವೆರಿಗಳೂ ಸರಿಯಾಗಿ ನಡೆದ ಡೇಟಾಬೇಸ್‌ನಲ್ಲಿ ಎರಡೂ ದೋಷಗಳು ಹಾಗೆಯೇ ಉಳಿದಿರಬಹುದು.

ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಥಾಮಸ್ ನಾಯ್‌ಮನ್ ಮತ್ತು ಆಲ್ಫೋನ್ಸ್ ಕೆಂಪರ್ 2015ರಲ್ಲಿ ಯಾವುದೇ ಕೋರಿಲೇಟೆಡ್ ಸಬ್‌ಕ್ವೆರಿಯನ್ನೂ ಬಿಡಿಸಿ ಜಾಯಿನ್ ಆಗಿಸಬಲ್ಲ ಸಾಮಾನ್ಯ ವಿಧಾನವೊಂದನ್ನು ಪ್ರಕಟಿಸಿದರು, ಇಂದು ಡಕ್‌ಡಿಬಿ ಎಂಬ ಡೇಟಾಬೇಸ್ ಅದನ್ನು ಆಧರಿಸಿದೆ. ಬಗೆಬಗೆಯ ಸೂತ್ರಗಳ ಕಾಲ ಇದರಿಂದ ಹಿಂದೆ ಸರಿದಿದೆ. ಜೊತೆಗೆ ಒಂದು ತೊಡಕೂ ಬಂದಿದೆ. ಎಲ್ಲ ಸಬ್‌ಕ್ವೆರಿಗಳೂ ಬಿಡಿಸಲ್ಪಟ್ಟೇ ನಡೆಯುವ ಡೇಟಾಬೇಸ್‌ನಲ್ಲಿ, ಸಾಲಿಗೊಮ್ಮೆ ಒಳಗಿನ ಕ್ವೆರಿಯನ್ನು ನಡೆಸುವ ಹಳೆಯ ದಾರಿಯೇ ಉಳಿದಿರುವುದಿಲ್ಲ, ಹೋಲಿಸಲು ಸಾಕ್ಷಿ ಇರುವುದಿಲ್ಲ. ಷರತ್ತನ್ನು 'ಸೆಲೆಕ್ಟ್' ಭಾಗಕ್ಕೆ ಸರಿಸಿದರೂ ಅದರೊಳಗಿನ ಸಬ್‌ಕ್ವೆರಿ ಅಲ್ಲಿಯೂ ಅದೇ ವಿಧಾನದಲ್ಲಿ ಬಿಡಿಸಿಕೊಳ್ಳುತ್ತದೆ. ಎರಡೂ ದಾರಿಗಳು ಒಂದೇ ತಪ್ಪು ಮಾಡಿದರೆ ಹೋಲಿಕೆಗೆ ಅದು ಕಾಣಿಸುವುದಿಲ್ಲ. ಆಗ ಉಳಿಯುವುದು ಬೇರೊಂದು ಡೇಟಾಬೇಸ್‌ನ ಉತ್ತರ, ಇಲ್ಲವೇ ಕೈಯಲ್ಲೇ ಲೆಕ್ಕ ಹಾಕಬಹುದಾದಷ್ಟು ಚಿಕ್ಕ ಟೇಬಲ್‌ಗಳು: ಮೂರು ಬಿಡಿಭಾಗ, ಐದು ಪೂರೈಕೆ, ಮತ್ತು ಉತ್ತರದಲ್ಲಿ ಇರಲೇಬೇಕಾದ 8ನೇ ಸಂಖ್ಯೆ.