ಪೋಸ್ಟ್‌ಗ್ರೆಸ್‌ನ ವಾಲ್ ಕಡತಗಳು ಕೆಟ್ಟಾಗ: ಪಿಜಿ_ರೀಸೆಟ್‌ವಾಲ್ ಬಳಸುವ ಮುನ್ನ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಯಾವುದೇ ಬದಲಾವಣೆಯನ್ನು ಡಿಸ್ಕಿನಲ್ಲಿರುವ ಟೇಬಲ್‌ನ ಪುಟಕ್ಕೆ ಇಳಿಸುವ ಮೊದಲು ವಾಲ್ (ರೈಟ್-ಅಹೆಡ್ ಲಾಗ್) ಎಂಬ ಲಾಗ್‌ನಲ್ಲಿ ಬರೆದಿಡುತ್ತದೆ. ಸರ್ವರ್ ಹಠಾತ್ತನೆ ನಿಂತರೆ, ಮತ್ತೆ ಏಳುವಾಗ ಕೊನೆಯ ಚೆಕ್‌ಪಾಯಿಂಟ್‌ನಿಂದ (ಅಲ್ಲಿಯವರೆಗಿನ ಬದಲಾವಣೆಗಳು ಡಿಸ್ಕಿಗೆ ತಲುಪಿವೆಯೆಂಬ ಗುರುತು) ಈ ಲಾಗ್ ಓದಿ, ಡಿಸ್ಕಿಗೆ ತಲುಪದೆ ಉಳಿದದ್ದನ್ನು ಪೂರೈಸುತ್ತದೆ. ಸಾಮಾನ್ಯವಾಗಿ 16 ಎಂಬಿಯ ಈ ಲಾಗ್‌ನ ಕಡತಗಳು ಡಿಸ್ಕ್ ದೋಷದಿಂದ ಕೆಟ್ಟರೆ, ಅಥವಾ ಜಾಗ ಸಾಲದೆಂದು ಯಾರಾದರೂ ಅಳಿಸಿದರೆ, ಚೆಕ್‌ಪಾಯಿಂಟ್ ದಾಖಲೆ ಸಿಗಲಿಲ್ಲವೆಂಬ ಪ್ಯಾನಿಕ್ ಸಂದೇಶದೊಂದಿಗೆ ಸರ್ವರ್ ಏಳಲು ನಿರಾಕರಿಸುತ್ತದೆ. (2017ರಲ್ಲಿ ಬಂದ 10ನೇ ಆವೃತ್ತಿಗಿಂತ ಮೊದಲು ಈ ಕಡತಗಳಿರುವ ಡೈರೆಕ್ಟರಿಯ ಹೆಸರು ಪಿಜಿ_ಎಕ್ಸ್‌ಲಾಗ್ ಎಂದಿತ್ತು, ಬೇಡದ ಲಾಗ್ ಇರಬೇಕೆಂದು ಅಳಿಸಿದವರು ಕಡಿಮೆಯೇನಲ್ಲ.)

ಇಂಥ ಸಂದರ್ಭಕ್ಕೆಂದು ಪೋಸ್ಟ್‌ಗ್ರೆಸ್‌ನೊಂದಿಗೆ ಬರುವ ಪಿಜಿ_ರೀಸೆಟ್‌ವಾಲ್ ಎಂಬ ಉಪಕರಣ ಹಳೆಯ ಲಾಗ್ ಅನ್ನು ಎಸೆದು, ಸರ್ವರ್‌ನ ಸ್ಥಿತಿಯನ್ನು ದಾಖಲಿಸುವ ಪಿಜಿ_ಕಂಟ್ರೋಲ್ ಕಡತವನ್ನು ಹೊಸದಾಗಿ ಬರೆಯುತ್ತದೆ. ಇದರಿಂದ ಸರ್ವರ್ ಏಳುತ್ತದೆಯೇ ಹೊರತು ಡೇಟಾ ದುರಸ್ತಿಯಾಗುವುದಿಲ್ಲ. ಒಂದು ಸಾಲು ಟೇಬಲ್‌ಗೆ ಬಿದ್ದು, ಅದರ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕುವ ಸೂಚಿ) ನಮೂದು ಲಾಗ್‌ನಲ್ಲಷ್ಟೇ ಉಳಿದಿದ್ದರೆ, ರೀಸೆಟ್‌ನ ನಂತರ ಇವೆರಡೂ ತಾವಾಗಿ ಹೊಂದುವುದಿಲ್ಲ. ಆದ್ದರಿಂದ ಸರಿಯಾದ ಬ್ಯಾಕಪ್ ಇರುವವರು ಈ ಉಪಕರಣವನ್ನು ಮುಟ್ಟಲೇಬಾರದೆಂಬುದು ನನ್ನ ಅಭಿಪ್ರಾಯ.

ಬೇರೆ ದಾರಿಯಿಲ್ಲದಿದ್ದರೆ, ಸರ್ವರ್ ಪ್ರಕ್ರಿಯೆ ಓಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಇಡೀ ಡೇಟಾ ಡೈರೆಕ್ಟರಿಯನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಬೇಕು. ಬಳಿಕ -ಎನ್ ಆಯ್ಕೆಯೊಂದಿಗೆ ಓಡಿಸಿದರೆ, ಅದು ಏನನ್ನೂ ಬದಲಿಸದೆ ತಾನು ಬಳಸಲಿರುವ ಮೌಲ್ಯಗಳನ್ನು ತೋರಿಸುತ್ತದೆ. ಕಂಟ್ರೋಲ್ ಕಡತವೇ ಓದಲಾಗದಿದ್ದರೆ ಅವು ಬರೀ ಊಹೆ. ಆಗ -ಎಫ್ ಕೊಟ್ಟು ಒತ್ತಾಯಿಸುವ ಮೊದಲು ಮುಖ್ಯ ಮೌಲ್ಯಗಳನ್ನು ನಾವೇ ಲೆಕ್ಕ ಹಾಕಬೇಕಾಗುತ್ತದೆ. ಮುಂದಿನ ಟ್ರಾನ್ಸಾಕ್ಷನ್‌ಗೆ (ಒಟ್ಟಾಗಿ ನಡೆಯುವ ಬದಲಾವಣೆಗಳ ಗುಂಪು) ಕೊಡಬೇಕಾದ ಸಂಖ್ಯೆಯ ಲೆಕ್ಕ ಹೀಗಿದೆ: ಪಿಜಿ_ಎಕ್ಸಾಕ್ಟ್ ಡೈರೆಕ್ಟರಿಯಲ್ಲಿ ಪ್ರತಿ ಟ್ರಾನ್ಸಾಕ್ಷನ್‌ಗೆ 2 ಬಿಟ್‌ಗಳಂತೆ ಸ್ಥಿತಿ ದಾಖಲಾಗಿರುತ್ತದೆ, ಹಾಗಾಗಿ 256 ಕೆಬಿಯ ಒಂದು ಕಡತದಲ್ಲಿ 10,48,576 ಟ್ರಾನ್ಸಾಕ್ಷನ್‌ಗಳು ಹಿಡಿಯುತ್ತವೆ. ಕಡತಗಳ ಹೆಸರು ಹೆಕ್ಸ್ (ಹದಿನಾರರ ಆಧಾರದ) ಸಂಖ್ಯೆ. ಅತಿ ದೊಡ್ಡ ಹೆಸರು 0011 ಎಂದಿದ್ದರೆ, ಒಂದು ಕೂಡಿಸಿ 0012 ಮಾಡಿ, ಅದರ ಬಲಕ್ಕೆ ಐದು ಸೊನ್ನೆ ಹಚ್ಚಿದರೆ -ಎಕ್ಸ್ ಆಯ್ಕೆಗೆ ಬೇಕಾದ ಸುರಕ್ಷಿತ ಹೆಕ್ಸ್ ಮೌಲ್ಯ ದೊರೆಯುತ್ತದೆ.

ಸರ್ವರ್ ಎದ್ದ ಮೇಲೆ ಅದರಲ್ಲಿ ಡೇಟಾ ಬದಲಿಸುವ ಯಾವ ಕೆಲಸವನ್ನೂ ಮಾಡದೆ, ತಕ್ಷಣ ಡಂಪ್ (ಡೇಟಾದ ಪೂರ್ಣ ರಫ್ತು) ತೆಗೆದು, ಇನಿಟ್‌ಡಿಬಿ ಎಂಬ ಆಜ್ಞೆಯ ಮೂಲಕ ಹೊಸ ಕ್ಲಸ್ಟರ್ (ಡೇಟಾಬೇಸ್‌ಗಳ ಹೊಸ ಡೇಟಾ ಡೈರೆಕ್ಟರಿ) ರಚಿಸಿ, ಅದಕ್ಕೆ ರೀಸ್ಟೋರ್ ಮಾಡಬೇಕು. ಇಂಡೆಕ್ಸ್‌ನ ಕಣ್ತಪ್ಪಿಸಿ ಒಂದೇ ಕೀಲಿಯ ಎರಡು ಸಾಲುಗಳು ಉಳಿದಿದ್ದರೆ, ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕೀಲಿ) ನಿರ್ಮಿಸುವ ಹಂತದಲ್ಲಿ ರೀಸ್ಟೋರ್ ದೋಷ ತೋರುತ್ತದೆ. ಅವುಗಳಲ್ಲಿ ಯಾವುದನ್ನು ಉಳಿಸಬೇಕೆಂದು ಆ ಡೇಟಾದ ಅರ್ಥ ಬಲ್ಲವರೇ ನಿರ್ಧರಿಸಬೇಕು.