ಬೆವರು ಬರದಿದ್ದರೆ ಫಿಟ್ ಅಂತಲ್ಲ

"ಒಂದು ಗಂಟೆ ಶಟಲ್ ಆಡಿದರೂ ನನಗೆ ಬೆವರೇ ಬರಲ್ಲ ಡಾಕ್ಟ್ರೇ" ಎಂದು ಅರವತ್ತು ದಾಟಿದವರು ಹೆಮ್ಮೆಯಿಂದ ಹೇಳುವುದನ್ನು ಕ್ಲಿನಿಕ್‌ನಲ್ಲಿ ಆಗಾಗ ಕೇಳುತ್ತೇನೆ. ನನಗೆ ಆ ಮಾತು ಕೇಳಿದರೆ ಸ್ವಲ್ಪ ಆತಂಕವೇ.

ಆಡುವಾಗ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿಬಿಡುತ್ತದೆ. ಅದನ್ನು ಹೊರಹಾಕಲು ದೇಹ ಬಿಸಿ ರಕ್ತವನ್ನು ಚರ್ಮದ ಕಡೆಗೆ ಹರಿಸುತ್ತದೆ, ಬೆವರು ಸುರಿಸುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೋಗುತ್ತದೆ. ಆದರೆ ಆರಬೇಕಲ್ಲ! ಮಂಗಳೂರಿನ ಸೆಕೆಯಲ್ಲಿ ಅಂಗಿ ತೊಯ್ದರೂ ಮೈ ತಣಿಯುವುದಿಲ್ಲ. ಕಲಬುರಗಿಯ ಒಣ ಬಿಸಿಲಲ್ಲಿ ಬೆವರು ಕಾಣುವ ಮೊದಲೇ ಆರಿರುತ್ತದೆ, ಎಷ್ಟು ನೀರು ಹೋಯಿತೆಂದೇ ಗೊತ್ತಾಗುವುದಿಲ್ಲ.

ವಯಸ್ಸಾದಂತೆ ಚರ್ಮಕ್ಕೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಬೆವರಿನ ಗ್ರಂಥಿಗಳು ಹೆಚ್ಚುಕಮ್ಮಿ ಅಷ್ಟೇ ಇರುತ್ತವೆ, ಒಂದೊಂದೂ ಸುರಿಸುವ ಬೆವರು ಇಳಿಯುತ್ತದೆ. ಸಾಮಾನ್ಯವಾಗಿ ಕಾಲಲ್ಲಿ ಮೊದಲು ಇಳಿದು, ಹಣೆಯಲ್ಲಿ ಕೊನೆಗೆ. ಹಾಗಾಗಿ ಹಣೆ ಒರೆಸಿಕೊಳ್ಳುತ್ತಿರುವವರ ತೊಡೆ ಒಣಗಿರಬಹುದು. ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದಲ್ಲಿ ಇಡೀ ದೇಹ ಹೊರಬಿಡುವ ಶಾಖವನ್ನು ಅಳೆಯುವ ಉಪಕರಣವಿದೆ. ಅಲ್ಲಿನ ಅಧ್ಯಯನಗಳಲ್ಲಿ ಈ ಇಳಿಕೆ ನಲವತ್ತರ ಆಸುಪಾಸಿನಲ್ಲೇ ಕಂಡಿದೆ. ಅರವತ್ತರವರೆಗೆ ಕಾಯುವುದಿಲ್ಲ ನೋಡಿ.

ನಿಯಮಿತವಾಗಿ ಬಿರುಸು ನಡಿಗೆ, ಸೈಕ್ಲಿಂಗ್, ಈಜು ಮಾಡುವವರಲ್ಲಿ ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಶ ಜಾಸ್ತಿ ಇರುತ್ತದೆ. ಬೆವರು ಬೇಗ ಶುರುವಾಗುತ್ತದೆ, ಚೆನ್ನಾಗಿಯೂ ಬರುತ್ತದೆ. ಅಂದರೆ ಫಿಟ್ ಇರುವ ಹಿರಿಯರು ಜಾಸ್ತಿಯೇ ಬೆವರಬೇಕು! ಹಾಗಂತ ಅವರ ಮೈ ಮೂವತ್ತರ ಫಿಟ್ ಹುಡುಗನಷ್ಟು ಬೇಗ ತಣಿಯುವುದಿಲ್ಲ. ಆರಾಮಾಗಿ ನಡೆಯುವಾಗ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಬಿಸಿಲಲ್ಲಿ ಬಿರುಸಾಗಿ ಆಡಿದಾಗ ಗೊತ್ತಾಗುತ್ತದೆ. ಫಿಟ್ ಇರುವವರಿಗೆ ಇನ್ನೊಂದು ತೊಡಕಿದೆ. ದಮ್ಮು ಇದೆಯೆಂದು ಜಾಸ್ತಿ ಓಡುತ್ತಾರೆ, ಶಾಖವೂ ಜಾಸ್ತಿ ಹುಟ್ಟುತ್ತದೆ. ಆಟ ನಿಲ್ಲಿಸಿದ ಮೇಲೂ ಹಿರಿಯರ ಮೈಯೊಳಗಿನ ಬಿಸಿ ಇಳಿಯಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಎರಡು ಗೇಮ್ ನಡುವೆ ನೆರಳಲ್ಲಿ ಕೂತು, ಬಾಯಾರಿಕೆಗೆ ಕಾಯದೆ ನೀರು ಕುಡಿಯಿರಿ. ವಯಸ್ಸಾದಂತೆ ಬಾಯಾರಿಕೆಯೂ ಮಂದವಾಗುತ್ತದೆ.

ಬೀಟಾ ಬ್ಲಾಕರ್ (ಎದೆಬಡಿತ ನಿಧಾನ ಮಾಡುವ ಮಾತ್ರೆ) ಅಥವಾ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬೇಸಿಗೆಗೆ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಎಷ್ಟು ನೀರು ಕುಡಿಯಬೇಕೆಂದೂ ಕೇಳಿ. ಮಾತ್ರೆ ಮಾತ್ರ ನೀವೇ ನಿಲ್ಲಿಸಬೇಡಿ. ಅಮೆರಿಕದಲ್ಲಿ ಮಗಳ ಮನೆಯಲ್ಲಿ ಚಳಿಗಾಲ ಕಳೆದು ಏಪ್ರಿಲ್‌ನಲ್ಲಿ ಊರಿಗೆ ಬಂದವರು ಮರುದಿನವೇ ಕೋರ್ಟಿಗೆ ಇಳಿಯಬೇಡಿ. ಸೆಕೆಗೆ ಮೈ ಮತ್ತೆ ಒಗ್ಗಲು 10ರಿಂದ 14 ದಿನ ಬೇಕು, ಅಷ್ಟು ದಿನ ಆಟವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ.